ಗುಹೆಯ ರಾಕ್ಷಸನ ಊಟ

“ಪಾಪ, ಆ ರಾಕ್ಷಸನ ಊಟ ಆಯ್ತೇನೋ?”

ಅಕ್ಕಿ ಆರಿಸುತ್ತಿದ್ದ ಅಜ್ಜಿ ಹೀಗೆ ಕೇಳಿದ್ದೇ, ಎಸೆಯಬೇಕಿದ್ದ ದಾಳ ಸತೀಶನ ಕೈಯಲ್ಲೇ ಉಳಿಯಿತು. ಎಂಬತ್ತರ ದಶಕ, ಜಯನಗರದ ನಮ್ಮ ಮನೆಯ ವರಾಂಡ. ದಾಳ ಬಿದ್ದಂತೆ ಸಾಗುವ ಕಥೆಯಾಟವೊಂದನ್ನು ನಾನೇ ಕಟ್ಟಿದ್ದೆ: ಗುಹೆ, ನಿಧಿ, ನೂರು ವರ್ಷದಿಂದ ಅದನ್ನು ಕಾಯುವ ರಾಕ್ಷಸ. ಆಡಿ ನೋಡಿದ ಗೆಳೆಯ ಸತೀಶ, “ಬರೀ ಕಡಿಯೋದೇ ಆಯ್ತಲ್ಲ, ಬೋರು ಮಗಾ” ಎಂದು ಆಗಲೇ ತೀರ್ಪು ಕೊಟ್ಟಿದ್ದ. ನನ್ನ ಮುಖ ಸಣ್ಣಗಾಗಿತ್ತು.

ಅಜ್ಜಿಯ ಮಾತಿಗೆ ಅವನು ನಗಲಿಲ್ಲ. ಆಟದಲ್ಲಿನ ತನ್ನ ವೀರನ ಕತ್ತಿ ಕೆಳಗಿಡಿಸಿ, ರಾಕ್ಷಸನ ಮುಂದೆ ಬುತ್ತಿ ಬಿಚ್ಚಿಸಿದ. ರಾಕ್ಷಸನ ಪರವಾಗಿ ನಾನು ಉತ್ತರಿಸಬೇಕಿತ್ತು. “ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ” ಎಂದು, ಅವನನ್ನು ಬುತ್ತಿಯ ಮುಂದೆ ಕೂರಿಸಿದೆ.

ಈಗಲೂ ಮಾಯಾಲೋಕದ ಕಾದಂಬರಿ ಹಿಡಿದರೆ, ಅಲ್ಲಿ ರಾಕ್ಷಸನ ಊಟ ವಿಚಾರಿಸುವವರು ಯಾರಾದರೂ ಇದ್ದಾರಾ ಎಂದೇ ಹುಡುಕುತ್ತೇನೆ.