ಹುಸೇನಬಿ ಕಟ್ಟಿದ ಹಾಡು

ಹುಸೇನಬಿ ಅಮ್ಮಾ, ಅಂದು ನಾನು ಬೆರಳಿಟ್ಟು ತೋರಿಸಿದ್ದು ನಿಮ್ಮ ಹೆಸರನ್ನಲ್ಲ. ನಿಮಗೆ ಓದಲು ಬಾರದೆಂದು ಗೊತ್ತಿದ್ದೇ ಸುಳ್ಳು ಹೇಳಿದೆ. ನಾಲ್ಕು ವರ್ಷದಿಂದ ಇದನ್ನು ಹೊತ್ತು ಹೊತ್ತು ಸಾಕಾಗಿಹೋಗಿದೆ.

ನೀವು ಮಗ ಇಮ್ತಿಯಾಜನ ಮನೆಗೆಂದು ಸವಣೂರಿನಿಂದ ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದ ವರ್ಷ ಅದು. ನಮ್ಮ ಕನ್ನಡ ಕೂಟ ಹುಟ್ಟಿ ಆಗಿನ್ನೂ ಒಂದೇ ವರ್ಷ— ಇಪ್ಪತ್ತು ಮನೆ, ಏನು ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುವ ಮಕ್ಕಳು. ಹಾಲ್ ಸಿಗದೆ ರಾಜ್ಯೋತ್ಸವ ಡಿಸೆಂಬರಿಗೆ ಹೋಗಿತ್ತು. ಅದರ ಪುಸ್ತಿಕೆಗೆ ನಾನೇ ಸಂಪಾದಕ. ಪಕ್ಕದ ನಾರ್ವೆ ಸ್ವೀಡನ್‌ನಿಂದ ಬೇರೆಯಾಗಿ ನೂರು ವರ್ಷ ತುಂಬಿತ್ತೆಂದು ಗ್ರಂಥಾಲಯದ ತುಂಬ ಅದರದೇ ಪುಸ್ತಕಗಳು. ಅಲ್ಲಿನ ಕಲಾವಿದರು ಹಳ್ಳಿ ಹಳ್ಳಿ ಸುತ್ತಿ ಹಾಡು ಕೂಡಿಸಿದರಂತೆ, ಬೆಟ್ಟಗಳ ಚಿತ್ರ ಬರೆದರಂತೆ, ‘ಇದೇ ನಾವು’ ಎಂದು ಲೋಕಕ್ಕೆ ತೋರಿಸಿದರಂತೆ. ಅದು ನನ್ನ ತಲೆಗೇರಿತು. ನಮಗೂ ಒಂದು ಹಳೆಯ ಹಾಡು ಬೇಕು, ಯಾರೂ ಬರೆಯದ, ಮಣ್ಣಿನಿಂದಲೇ ಎದ್ದು ಬಂದ ಹಾಡು! ದೊಡ್ಡ ಮನುಷ್ಯ ನಾನು.

ನೀವು ಮೊಮ್ಮಗಳು ಸನಾಳನ್ನು ತೂಗುತ್ತ ಹಾಡುತ್ತಿದ್ದಿರಿ. “ನಾನ ಕಟ್ಟೀನಿ ತಮ್ಮಾ, ಇಲ್ಲಿಗೆ ಬಂದಮ್ಯಾಲ” ಎಂದಿರಿ. ಮೂರು ನುಡಿ ನಿಮ್ಮೂರ ಹತ್ತಿ ಹೊಲದ್ದು. ನಾಲ್ಕನೆಯದು ಇಲ್ಲಿನ ಹಿಮದ್ದು—

ಹತ್ತಿ ಅಲ್ಲವ್ವಾ ಇದು, ಬರ್ಫ ಬಿದ್ದೈತಿ
ಬಸ್ಸು ಬರೂತನಕ ಸನಾ, ಅಳಬ್ಯಾಡವ್ವಾ

ಬಸ್ಸು ಬಂದರೆ ಹಾಡು ಹಳೆಯದಾಗುವುದು ಹೇಗೆ? ಆ ನುಡಿಯನ್ನು ಕತ್ತರಿಸಿದೆ. ಕೆಳಗೆ ‘ಜಾನಪದ’ ಎಂದು ಅಚ್ಚು ಹಾಕಿಸಿದೆ— ಕಟ್ಟಿದವರು ಯಾರೂ ಇಲ್ಲ ಎಂಬಂತೆ. ಇನ್ನೂ ಒಂದಿದೆ, ಹೇಳಿಬಿಡುತ್ತೇನೆ. ಕನ್ನಡದ ಬೇರು ಇಲ್ಲಿದೆ ಎಂದು ನಾನು ತೋರಿಸಬೇಕೆಂದಿದ್ದ ಜಾಗಕ್ಕೆ ‘ಹುಸೇನಬಿ’ ಎಂಬ ಹೆಸರು ಹೊಂದುವುದಿಲ್ಲ ಅನ್ನಿಸಿತ್ತು. ಥೂ, ನಾಚಿಕೆಯಾಗಬೇಕಿತ್ತು ನನಗೆ. ಆಗ ಆಗಲಿಲ್ಲ.

ಪುಸ್ತಿಕೆ ಕೈಗೆ ಬಂದಾಗ ನೀವು ಕೇಳಿದಿರಿ, “ನನ್ನ ಹೆಸರ ಎಲ್ಲೈತಿ ತಮ್ಮಾ?”

ನಾನು ‘ಜಾನಪದ’ದ ಮೇಲೆ ಬೆರಳಿಟ್ಟೆ. “ಇಲ್ಲಿದೆ ನೋಡಿ ಅಮ್ಮಾ.”

ಆ ನಾಲ್ಕು ಅಕ್ಷರ ಸವರಿ, ಬೆರಳನ್ನು ಕಣ್ಣಿಗೊತ್ತಿಕೊಂಡಿರಿ. ಇಮ್ತಿಯಾಜ್ ಪಕ್ಕದಲ್ಲೇ ಇದ್ದ. ಅವನಿಗೆ ಓದಲು ಬರುತ್ತದೆ. ಒಮ್ಮೆ ನನ್ನ ಮುಖ ನೋಡಿದ. “ಟೀ ತರ್ತೀನಿ ಸರ್” ಎಂದು ಒಳಗೆ ಹೋದ.

ಮೊನ್ನೆ ಅವನೇ ಫೋನಿನಲ್ಲಿ ಹೇಳಿದ— ನೀವು ಊರಿಗೆ ಮರಳಿದ ಮೇಲೆ ಆ ಪುಟಕ್ಕೆ ಕಟ್ಟು ಹಾಕಿಸಿ ಸವಣೂರಿನ ಮನೆಯ ಗೋಡೆಗೆ ಹಾಕಿದ್ದೀರಂತೆ. ಬಂದವರಿಗೆಲ್ಲ ಬೆರಳಿಟ್ಟು ನಿಮ್ಮ ಹೆಸರು ತೋರಿಸುತ್ತೀರಂತೆ. “ಓದೋಕೆ ಬರೋರು ಸುಮ್ನೆ ತಲೆ ಆಡಿಸ್ತಾರೆ ಸರ್. ಯಾರಿಗೆ ಹೇಳೋಕೆ ಮನಸ್ಸು ಬರುತ್ತೆ?”

ಅವರು ಯಾರೂ ಹೇಳುವುದು ಬೇಡ. ರಜೆಗೆ ನಾನೇ ಬರುತ್ತೇನೆ. ನಾಲ್ಕನೆಯ ನುಡಿ ಸೇರಿಸಿ, ಕೆಳಗೆ ನಿಮ್ಮ ಹೆಸರು ಹಾಕಿ ಹೊಸ ಪುಟ ತರುತ್ತೇನೆ. ಆದರೆ ಮೊದಲು ಹಳೆಯದನ್ನು ಓದಿ ಹೇಳುತ್ತೇನೆ. ಆ ಅಕ್ಷರಗಳ ಮೇಲಿಂದ ನೀವು ಬೆರಳು ತೆಗೆಯುವಾಗ ನಾನು ಎದುರಿಗೇ ನಿಂತಿರಬೇಕು.