ಒಣಗದ ಶೇಡಿ

ನನ್ನ ಮದುವೆ ಆಯಿತು, ನಿಜವಾಗಿಯೂ ಆಯಿತು! ಮುಂಬೈಯ ನಮ್ಮ ಪುಟ್ಟ ಮನೆಯ ಒಂದು ಗೋಡೆಗೆ ಇವರು ಇವತ್ತು ಇಟ್ಟಿಗೆ ಬಣ್ಣ ಬಳಿದರು. ಆ ಕೆಂಪು ನೋಡಿದ್ದೇ ತಡ, ನಾನು ಕುಮಟಾ ಹತ್ತಿರದ ಕಾಗಾಲದಲ್ಲಿ, ಅಜ್ಜಿಯ ಜಗಲಿಯಲ್ಲಿದ್ದೆ.

ದೀಪಾವಳಿಗೆ ಮೊದಲು ಅಜ್ಜಿ ಗೋಡೆಗೆ ಕೆಮ್ಮಣ್ಣು ಬಳಿದು, ಶೇಡಿ ಎಂಬ ಬಿಳಿಮಣ್ಣನ್ನು ನೀರಲ್ಲಿ ಕಲಸಿ, ಬೆರಳಿನಿಂದ ಬಳ್ಳಿ ಬರೆಯುತ್ತಿದ್ದಳು. ಹಸಿ ಗೆರೆ ಕಾಣುತ್ತಲೇ ಇರಲಿಲ್ಲ.

“ಅಜ್ಜಿ, ಎಂತದೂ ಕಾಣೂದಿಲ್ಲ!”

“ಒಣಗೂಕೆ ಬಿಡು ಮಾರಾಯ್ತಿ. ನಿನ್ನ ಹಾಂಗೆ ಅದಕ್ಕೆ ಅವಸರ ಇಲ್ಲ.”

ಒಣಗುತ್ತ ಬಂದಂತೆ ಬಳ್ಳಿ ಹಾಲಿನಷ್ಟು ಬೆಳ್ಳಗಾಗುತ್ತಿತ್ತು! ಹಿತ್ತಿಲಿನ, ಬಣ್ಣ ಮಾಸಿ ಬಿಳಿಚಿಕೊಂಡ ಗೋಡೆಯ ಮೇಲೆ ಮಾತ್ರ ಅದೇ ಶೇಡಿ ಮಂಕು. ಒಳ್ಳೆಯ ಶೇಡಿ ಜಗಲಿಗೆ ಮಾತ್ರವೇ ಎಂದು ಜಗಳ ತೆಗೆದಿದ್ದೆ. “ಶೇಡಿ ಎಲ್ಲ ಒಂದೇಯ. ಗೋಡೆ ಕಪ್ಪಾದಷ್ಟೂ ಬೆಳ್ಳಗೆ ಕಾಣ್ತದೆ,” ಎಂದು ಅಜ್ಜಿ ನಕ್ಕಿದ್ದಳು.

ಹೋದ ದೀಪಾವಳಿಗೂ ಬರೆದಳು. ಬರೆದು ಗೋಡೆಯ ಎದುರೇ ಕೂತಳು. ಬಳ್ಳಿ ಯಾವಾಗಲೋ ಒಣಗಿ ಹೊಳೆಯುತ್ತಿತ್ತು. “ಇವತ್ತೆಂತ, ಇನ್ನೂ ಒಣಗಲೇ ಇಲ್ವನೆ?” ಎಂದು ನನ್ನನ್ನು ಕೇಳಿದಳು.

ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದೂ ಹೋಗುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟರು. ಮದುವೆಗೆ ಬರಲು ಅಜ್ಜಿಗೆ ಆಗಲಿಲ್ಲ. ನಿನ್ನೆ ಫೋನಿನಲ್ಲಿ, “ನಿನ್ನ ಗಂಡ ಕರಿಯನೋ, ಬಿಳಿಯನೋ?” ಎಂದಳು.

“ಕಪ್ಪು ಅಜ್ಜಿ, ಎಷ್ಟು ಚೆಂದ ಗೊತ್ತಾ!”

“ಆತು. ಬರುವಾಗ ಬಿಳಿ ಅಂಗಿ ಹಾಕ್ಸು. ಮುಖ ಕಾಣ್ತದೇನ ನೋಡುವ.”

ಕಾಣುವುದಿಲ್ಲ. ನನಗೆ ಗೊತ್ತು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದೇನೆ. ಶುಕ್ರವಾರ ಮತ್ಸ್ಯಗಂಧ ರೈಲು ಹತ್ತಿ, ಶನಿವಾರ ಬೆಳಗಾಗುವ ಮೊದಲೇ ಕುಮಟಾದಲ್ಲಿ ಇಳಿಯುತ್ತೇವೆ.