ಹೊಗೆಗೆ ದಾರಿ ಎಳೆಯುವವರು

ಬೆಳಗಿನ ಐದೂವರೆ. ಗೋಡೆಗೆ ಒತ್ತಿಸಿಟ್ಟ ಮೇಜಿನ ಮುಂದೆ, ಸ್ವೆಟರಿನ ತೋಳು ಮೊಣಕೈವರೆಗೆ ಏರಿಸಿಕೊಂಡು, ನಲವತ್ತಾರರ ಹೆಂಗಸೊಬ್ಬರು ಕಂಪ್ಯೂಟರ್ ಪರದೆಯ ಮೇಲೆ ಗೆರೆ ಎಳೆಯುತ್ತಿದ್ದಾರೆ. ಗೆರೆ ಒಂದು ಹೂವಿನಿಂದ ಹೊರಟು, ಬೇಲಿ ದಾಟಿ, ತುಸು ಬಳುಕಿ, ಇನ್ನೊಂದು ಹೂವಿನ ಬಳಿ ನಿಲ್ಲುತ್ತದೆ. ಗುಂಡಿ ಒತ್ತುತ್ತಾರೆ. ಎಂಬತ್ತು ಸಾವಿರ ಪರಾಗದ ಕಣಗಳು ಎದ್ದು ಗೆರೆಯ ಜಾಡು ಹಿಡಿಯುತ್ತವೆ. ಅರ್ಧ ದಾರಿಯಲ್ಲೇ ಗುಂಪು ಚದುರಿ ನೆಲಕ್ಕೆ ಸುರಿಯುತ್ತದೆ.

“ಎಳೆತ ಸಾಲ್ದು,” ಎಂದುಕೊಂಡು ಅಂಕಿಯೊಂದನ್ನು ತಿದ್ದಿ ಮತ್ತೆ ಒತ್ತುತ್ತಾರೆ. ಶಾಲಾ ಪಾಠದ ಚಿತ್ರಕ್ಕಾಗಿ ಆರು ಸೆಕೆಂಡಿನ ದೃಶ್ಯ ಇದು. ಇದು ನಲವತ್ತೊಂದನೆಯ ಪ್ರಯತ್ನ.

“ಒಂದೊಂದು ಕಣಾನೂ ಕೈ ಹಿಡಿದು ನಡೆಸೋಕಾಗುತ್ತಾ? ಅದಕ್ಕೇ ಗೆರೆ. ಅದರ ಸುತ್ತ ಒಂದು ಬಲ ಇರುತ್ತೆ, ಕಾಲುವೆ ಥರ. ಹತ್ರ ಬಂದಿದ್ದನ್ನ ಎಳ್ಕೊಂಡು ಮುಂದಕ್ಕೆ ತಳ್ಳುತ್ತೆ. ಬಲ ಜಾಸ್ತಿ ಆದ್ರೆ ದಾರಕ್ಕೆ ಪೋಣಿಸಿದ ಮಣಿ ಥರ ಕಾಣುತ್ತೆ, ಕಡಿಮೆ ಆದ್ರೆ ದಿಕ್ಕಾಪಾಲು. ನಡುವೆ ಎಲ್ಲೋ ಹಿಡೀಬೇಕು,” ಎಂದು ವರದಿಗೆ ಬಂದ ನನಗೆ ವಿವರಿಸುತ್ತಾರೆ.

ಹತ್ತೊಂಬತ್ತು ವರ್ಷ ಅನಿಮೇಷನ್ ಸ್ಟುಡಿಯೊ ಒಂದರಲ್ಲಿ ಅವರು ಮಾಡಿದ್ದು ಇದನ್ನೇ. ಉದುರುವ ಎಲೆ, ಕುದುರೆ ಕಾಲಿನ ಧೂಳು, ಮಂಜು, ಬೂದಿ. ನಾಯಕ ಧೂಳು ಸೀಳಿಕೊಂಡು ಬರುವುದನ್ನು ನೋಡಿದವರಾರೂ ಧೂಳು ಎಬ್ಬಿಸಿದವರು ಯಾರೆಂದು ಕೇಳುವುದಿಲ್ಲ. ಸಹೋದ್ಯೋಗಿಗಳು ಕರೆಯುತ್ತಿದ್ದುದು ‘ಹೊಗೆಯಕ್ಕ’ ಎಂದು. ಬಲ ಹೆಗಲು ಜೋಮು ಹಿಡಿದ ಮೇಲೆ ಎಡಗೈಯಲ್ಲಿ ಮೌಸ್ ಹಿಡಿಯಲು ಕಲಿತರು. ಅದಕ್ಕೇ ಎಂಟು ತಿಂಗಳು ಬೇಕಾಯಿತು. ಒಳಗಿನಿಂದ ಅತ್ತೆಯ ದನಿ ಕೇಳುತ್ತದೆ: “ಹಾಲು ಸೀದು ಹೊಗೆ ಎದ್ರೆ ಮನೆಯವರಿಗೆಲ್ಲ ಬೈತಾಳೆ. ತಾನು ಬೆಳಗಾಗೋ ಮುಂಚೆ ಎದ್ದು ಹೊಗೆ ಎಬ್ಬಿಸ್ತಾಳೆ!”

ಸೊಸೆ ನಗುತ್ತಾರೆ. ನಗು ಬೇಗ ಆರುತ್ತದೆ. ಸ್ಟುಡಿಯೊ ಬಿಟ್ಟದ್ದು ಹೊಗೆಯಿಂದಲೇ.

ಮೂರು ವರ್ಷದ ಹಿಂದೆ ಮೂರಂತಸ್ತಿನ ಗಾರ್ಮೆಂಟ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಮೆಟ್ಟಿಲಲ್ಲಿ ಏಳು ಹೆಂಗಸರು ಉಸಿರುಗಟ್ಟಿ ಸತ್ತರು. ಕೆಲವು ತಿಂಗಳ ನಂತರ ಸ್ಟುಡಿಯೊಗೆ ಕಟ್ಟಡದ ನಕ್ಷೆಯೊಂದು ಬಂತು. ಹೊಗೆ ಲಿಫ್ಟ್ ಓಡಾಡುವ ಕೊಳವೆಯಲ್ಲಿ ಮೇಲೇರಬೇಕು, ಮೆಟ್ಟಿಲು ನಾಲ್ಕು ನಿಮಿಷ ತೆರವಾಗಿರಬೇಕು ಎಂದು ಅದರಲ್ಲಿ ಗುರುತು ಹಾಕಿತ್ತು. ಯಾರಿಗಾಗಿ, ಯಾಕೆ ಎಂದು ಇವರು ಕೇಳಲಿಲ್ಲ. ಗೆರೆ ಎಳೆದರು. ಎರಡು ಲಕ್ಷ ಕಣಗಳ ಹೊಗೆ ಹೇಳಿದ ಹಾಗೆ ಲಿಫ್ಟಿನ ಕೊಳವೆ ಸೇರಿತು.

ಆ ವಿಡಿಯೊ ಕಾರ್ಖಾನೆ ಮಾಲೀಕರ ಪರವಾಗಿ ವಿಚಾರಣೆಯಲ್ಲಿ ತೋರಿಸಲ್ಪಟ್ಟಿತು. ತಪ್ಪಿಸಿಕೊಳ್ಳಲು ಸಮಯವಿತ್ತು, ಹೆಂಗಸರು ಬ್ಯಾಗು, ಚಪ್ಪಲಿ ಹುಡುಕುತ್ತ ನಿಂತರು ಎಂಬುದು ಅವರ ವಾದ. ಇವರಿಗೆ ಅದು ತಿಳಿದದ್ದು ಪತ್ರಿಕೆ ಓದಿ. ವರದಿಯ ಪಕ್ಕದಲ್ಲಿ ಮೆಟ್ಟಿಲಿನ ಫೋಟೊ ಇತ್ತು. ಗೋಡೆಯೆಲ್ಲ ಮಸಿ, ಮಸಿಯಲ್ಲಿ ಕೈ ಊರಿದ ಗುರುತುಗಳು.

ಪತ್ರಿಕೆ ಹಿಡಿದುಕೊಂಡೇ ಸ್ಟುಡಿಯೊ ಯಜಮಾನರ ಕೋಣೆಗೆ ಹೋದರು.

“ಕೊಟ್ಟ ನಕ್ಷೆಗೆ ತಕ್ಕ ಹಾಗೆ ಮಾಡಿಕೊಟ್ವಿ, ಮುಗೀತು. ಇನ್ನು ಆ ಉಸಾಬರಿ ನಿನಗ್ಯಾಕಮ್ಮ?” ಎಂದರು ಯಜಮಾನರು.

“ಹೊಗೆ ನಂದಲ್ವಾ ಸಾರ್?”

ವಿಚಾರಣೆಗೆ ಹೋಗಿ ನಿಜ ಹೇಳುತ್ತೇನೆಂದು ಮನೆಗೆ ಬಂದು ಗಂಡನಿಗೆ ಹೇಳಿದರು. ಅವರು ಬಸ್ ಡಿಪೊದಲ್ಲಿ ಮೆಕ್ಯಾನಿಕ್. “ಕೈಗೆ ಅಂಟಿದ್ದ ಗ್ರೀಸ್ ಒರೆಸ್ಕೊಂಡ್ರು. ಆಮೇಲೆ ‘ನಾನೂ ಬರ್ತೀನಿ, ರಜಾ ಹಾಕ್ತೀನಿ’ ಅಂದ್ರು, ಅಷ್ಟೆ.”

ವಿಚಾರಣಾಧಿಕಾರಿಯ ಮುಂದೆ ಹೊಗೆಯಕ್ಕ ಹೆಚ್ಚು ಮಾತಾಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಅದೇ ಕಟ್ಟಡ, ಅದೇ ಹೊಗೆ ತೋರಿಸಿದರು. ಗೆರೆ ಅಳಿಸಿ, ಕಿಟಕಿಯ ಕಡೆಗೆ ಎಳೆದರು. ಹೊಗೆ ಕಿಟಕಿಯಿಂದ ಆಚೆ ಹೋಯಿತು. ಅದನ್ನೂ ಅಳಿಸಿ ನೆಲದೊಳಕ್ಕೆ ಎಳೆದರು. ಹೊಗೆ ಸಿಮೆಂಟಿನ ನೆಲದೊಳಗೆ ಇಳಿದುಹೋಯಿತು. ಕೋಣೆಯಲ್ಲಿ ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

“ಇದು ನೋಡಿದ್ದನ್ನ ಹೇಳಲ್ಲ ಸಾರ್. ನಾನು ಎಳೆದ ಕಡೆ ಹೋಗುತ್ತೆ. ನನಗೆ ಎಳಿ ಅಂದಿದ್ದು ಮಾಲೀಕರ ಕಡೆಯವರು.”

ಹೊರಗೆ ಬಂದಾಗ ಕಾರ್ಖಾನೆಯಿಂದ ಬದುಕಿ ಬಂದ ಟೈಲರ್ ಒಬ್ಬಳು ಕಾಯುತ್ತಿದ್ದಳು. ಮೊದಲ ದಿನ ವಿಡಿಯೊ ಹಾಕಿದಾಗ ಎದ್ದು ಹೊರಗೆ ಹೋಗಿದ್ದವಳು. “ನನ್ನ ತಂಗಿ ಬ್ಯಾಗಿಗೆ ಅಂತ ನಿಂತಿರ್ಲಿಲ್ಲ ಅಕ್ಕ,” ಎಂದಳು. “ನನ್ನ ಕೈ ಹಿಡ್ಕೊಂಡಿದ್ಲು. ಕತ್ತಲೇಲಿ ಕೈ ಜಾರಿತು.”

ಹೊಗೆಯಕ್ಕ ಅವಳನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲೇ ಕೂತರು.

ವಿಡಿಯೊವನ್ನು ದಾಖಲೆಯಿಂದ ಕೈಬಿಡಲಾಯಿತು. ಮೆಟ್ಟಿಲ ತುದಿಯ ಬಾಗಿಲಿಗೆ ಬೀಗ ಹಾಕಿತ್ತು, ಹೊಗೆ ಮೊದಲು ತುಂಬಿದ್ದು ಮೆಟ್ಟಿಲಿಗೇ ಎಂದು ಅಂತಿಮ ವರದಿ ಹೇಳಿತು. ಇವರಿಗೆ ಸ್ಟುಡಿಯೊದಲ್ಲಿ ‘ಸದ್ಯಕ್ಕೆ ಕೆಲಸ ಕಡಿಮೆ’ ಎಂಬ ಉತ್ತರ ಬಂದದ್ದು ಹೇಳಿಕೆ ಕೊಟ್ಟ ಮೂರೇ ವಾರದಲ್ಲಿ. ಈಗ ಮನೆಯಿಂದಲೇ ಕೆಲಸ. ಕಂಪ್ಯೂಟರ್ ಒಂದೇ; ಏಳು ಗಂಟೆಗೆ ಮಗಳು ಓದಲು ಕೂರುತ್ತಾಳೆ. ಅಷ್ಟರಲ್ಲಿ ಪರಾಗ ಹೂವು ಮುಟ್ಟಬೇಕು.

ಧೈರ್ಯದ ಮಾತೆತ್ತಿದರೆ ಬೇಡವೆಂದು ತಲೆಯಾಡಿಸುತ್ತಾರೆ. “ದೊಡ್ಡ ಮಾತು ಬರೀಬೇಡಿ. ಮೊದಲು ಆ ಗೆರೆ ಎಳೆದವಳೂ ನಾನೇ. ಕೇಳದೆ ಎಳೆದೆ. ಅದನ್ನೂ ಬರೀರಿ.”

ಮೇಜಿನ ಮೇಲೆ ಮಗಳ ಹಳೆಯ ಭೌತಶಾಸ್ತ್ರದ ಪುಸ್ತಕಗಳಿವೆ, ಅಂಚಿನಲ್ಲಿ ಪೆನ್ಸಿಲಿನ ಗುರುತುಗಳು. ಗೆರೆಯ ಹಂಗಿಲ್ಲದೆ, ಶಾಖ, ಗಾಳಿ, ಗೋಡೆ ಇಷ್ಟನ್ನೇ ಲೆಕ್ಕಕ್ಕೆ ಹಿಡಿದು ಹೊಗೆ ನಿಜವಾಗಿ ಎತ್ತ ಹೋಗುತ್ತದೆ ಎಂದು ಕಂಡುಹಿಡಿಯುವ ವಿಧಾನ ಬೇರೆಯೇ ಇದೆ. ಅದನ್ನು ಕಲಿಯಬೇಕೆಂಬುದು ಅವರ ಆಸೆ. ದಿನಕ್ಕೆ ಎರಡು ಪುಟ ಆಗುತ್ತದಂತೆ. ಕೆಲವು ದಿನ ಅರ್ಧ.

“ಕಲಿತ್ಮೇಲೆ ಮೊದಲು ಆ ಮೆಟ್ಟಿಲನ್ನೇ ಮಾಡ್ತೀನಿ,” ಎನ್ನುತ್ತಾರೆ. “ಯಾರಿಗೂ ತೋರಿಸೋಕಲ್ಲ. ಕೈ ಜಾರಿದ ಆ ಹುಡುಗಿಗೆ ಎಷ್ಟು ಹೊತ್ತು ಸಿಕ್ಕಿತ್ತು ಅಂತ ನನಗೆ ಗೊತ್ತಾಗ್ಬೇಕು.”